ನಲ್ಲಿ ನೋಡಲು ಐದು ಎಣಿಕೆ

ನಾನು ತತ್ವಶಾಸ್ತ್ರದ ಮೇಷ್ಟ್ರು ಎಂದು ಹೇಳಿದ ತಕ್ಷಣ ಲಗ್ಗೆರೆಯಲ್ಲಿ ಜನ ಎರಡರಲ್ಲೊಂದು ಕೆಲಸ ಮಾಡುತ್ತಾರೆ. ಕೆಲವರು ಭವಿಷ್ಯ ಹೇಳಿ ಎಂದು ಅಂಗೈ ಚಾಚುತ್ತಾರೆ. ಉಳಿದವರು ಅಯ್ಯೋ ಪಾಪ ಎನ್ನುವ ಮುಖ ಮಾಡಿ, "ಹೌದಾ ಸಾರ್, ಬೇರೆ ಏನೂ ಸಿಗ್ಲಿಲ್ವಾ?" ಎಂದು ಕೇಳುತ್ತಾರೆ. ನಮ್ಮ ಮನೆಯ ಮಾಲೀಕರು ಮೊದಲ ಪಂಗಡದವರು. ನಾವು ಬಾಡಿಗೆಗೆ ಬಂದ ವಾರವೇ ನನ್ನನ್ನು ಮೇಲೆ ಕಟ್ಟುತ್ತಿದ್ದ ಮಹಡಿಗೆ ಕರೆದುಕೊಂಡು ಹೋಗಿ, ಒಲೆ ಯಾವ ದಿಕ್ಕಿಗಿಡಲಿ ಹೇಳಿ ಎಂದರು. ನಾನು ಪಾಠ ಮಾಡುವುದು ನೀತಿಶಾಸ್ತ್ರ ಮತ್ತು ಸೌಂದರ್ಯಶಾಸ್ತ್ರ, ದಿಕ್ಕಿನ ವಿಷಯ ಗೊತ್ತಿಲ್ಲ ಎಂದೆ. "ಹೋಗ್ಲಿ, ಗೋಡೆಗೆ ಬಣ್ಣ ಯಾವ್ದು ಹೊಡೆಸ್ಲಿ, ಅದನ್ನಾದ್ರೂ ಹೇಳಿ" ಎಂದರು. ಹೇಳಿದೆ. ಹೊಡೆಸಲಿಲ್ಲ.

ಅವರ ತಪ್ಪೇನಿಲ್ಲ ಬಿಡಿ. ನಮ್ಮ ಸುತ್ತಮುತ್ತ ಲೇತು, ಡೈ, ಪ್ಲೇಟಿಂಗ್, ಪೌಡರ್ ಕೋಟಿಂಗ್ ಬಿಟ್ಟರೆ ಬೇರೆ ವಿದ್ಯೆಗೆ ಮರ್ಯಾದೆಯಿಲ್ಲ. ನನ್ನ ಅಪ್ಪನೂ ಸರ್ಕಾರಿ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದವರು. ಮಗ ತತ್ವಶಾಸ್ತ್ರಕ್ಕೆ ಸೇರಿದ ದಿನ, "ಕಲಿತು ಮುಗಿದ ಮೇಲೆ ಏನ್ ಮಾಡಿ ತೋರಿಸ್ತೀಯ?" ಎಂದು ಕೇಳಿದರು. ತೋರಿಸುವಂಥದ್ದು ಏನೂ ಇರುವುದಿಲ್ಲ ಎಂದು ತಿಳಿದು ಎರಡು ದಿನ ಮಾತು ಬಿಟ್ಟಿದ್ದರು.

ನಮ್ಮ ಕಾಲೇಜು ಪೀಣ್ಯದ ಎರಡನೇ ಹಂತದಲ್ಲಿದೆ. ನನ್ನ ತರಗತಿಯಲ್ಲಿ ನಾಲ್ಕು ಜನ. ಅದರಲ್ಲೊಬ್ಬ ರಾತ್ರಿ ಪಾಳಿ ಮುಗಿಸಿ ನೇರ ಬಂದು ನಿದ್ದೆ ಮಾಡುತ್ತಾನೆ. ನಾನೂ ದನಿ ಏರಿಸುವುದಿಲ್ಲ. ಹೀಗೇ ಸುಖವಾಗಿದ್ದವನನ್ನು ಒಂದು ದಿನ ಪ್ರಿನ್ಸಿಪಾಲರು ಕರೆದರು. ಅವರ ಮುಂದೆ ಒಂದು ಫಾರಂ ಇತ್ತು. ಕಾಲೇಜಿನ ಪ್ರತಿ ವಿಭಾಗಕ್ಕೂ ಯಾವ ಕಾರ್ಖಾನೆಯ ಜೊತೆ ಸಂಬಂಧ ಇದೆ ಎಂದು ಅದರಲ್ಲಿ ಬರೆಯಬೇಕಂತೆ. ಎಲ್ಲ ವಿಭಾಗಗಳ ಮುಂದೆಯೂ ಏನೋ ಒಂದು ತುಂಬಿತ್ತು. ನನ್ನ ವಿಭಾಗದ ಮುಂದೆ ಅಡ್ಡಗೆರೆ.

"ಏನ್ರೀ ಇದು, ಇಷ್ಟೊಂದು ಫ್ಯಾಕ್ಟರಿ ಇವೆ, ಒಂದಕ್ಕೂ ಫಿಲಾಸಫಿ ಬೇಡ್ವೇನ್ರೀ?" ಎಂದರು ಪ್ರಿನ್ಸಿಪಾಲರು.

ಬೇಕಿತ್ತು, ಒಂದಕ್ಕೆ. ಬಚ್ಚಲಮನೆಯ ನಲ್ಲಿಗಳನ್ನು ಮಾಡುವ ಒಂದು ಕಾರ್ಖಾನೆ. ಅವರ ಹೊರದೇಶದ ಗಿರಾಕಿಗಳು, ಕೆಲಸಗಾರರಿಗೆ ನೀತಿಯ ತರಬೇತಿ ಕೊಟ್ಟಿದ್ದೀರಾ ಎಂದು ಕೇಳಿದ್ದರಂತೆ. ಅಲ್ಲಿನ ಎಚ್.ಆರ್. ಮೇಡಂ ಕಾಲೇಜಿನಿಂದ ಕಳಿಸಿದ ನನ್ನ ಅರ್ಜಿ ನೋಡಿ ಕಣ್ಣರಳಿಸಿದರು. "ಎಥಿಕ್ಸ್ ಜೊತೆಗೆ ಏಸ್ಥೆಟಿಕ್ಸೂ ಹೇಳ್ಕೊಡ್ತೀರಾ ಸಾರ್? ಅಯ್ಯೋ, ಸೂಪರ್. ನಮ್ಮಲ್ಲಿ ಜಾಸ್ತಿ ರಿಜೆಕ್ಷನ್ ಆಗೋದೇ ಏಸ್ಥೆಟಿಕ್ಸ್‌ನಲ್ಲಿ." ನನ್ನ ಶಾಸ್ತ್ರದ ಹೆಸರನ್ನು ಅಷ್ಟು ಹಂಬಲದಿಂದ ಯಾರೂ ಉಚ್ಚರಿಸಿದ್ದನ್ನು ನಾನು ಕೇಳಿರಲಿಲ್ಲ. ಆಮೇಲೆ ತಿಳಿಯಿತು, ಅವರ ಮಾತಿನಲ್ಲಿ ಅದರ ಅರ್ಥ ನಲ್ಲಿಯ ಮೇಲಿನ ಗೀರು, ಮಚ್ಚೆ, ಗುಳ್ಳೆ. ಇರಲಿ ಎಂದುಕೊಂಡೆ. ಪ್ರತಿ ಗುರುವಾರ ಊಟದ ನಂತರ ಒಂದು ಗಂಟೆ, ಕ್ಯಾಂಟೀನಿನಲ್ಲಿ, ಕೊನೆಯ ತಪಾಸಣೆಯ ಮೇಜಿನ ಏಳು ಹೆಂಗಸರಿಗೆ ಪಾಠ ಎಂದು ನಿಗದಿಯಾಯಿತು.

ಆ ಏಳು ಜನರಲ್ಲಿ ಹಿರಿಯಾಕೆ ಮಾಕಳಿ ಊರಿನವರು. ನಲವತ್ತೈದರ ಆಸುಪಾಸು, ಮೂಗುತಿ, ಸೀರೆಯ ಮೇಲೆ ಬೂದು ಬಣ್ಣದ ಕೋಟು. ಮೊದಲ ದಿನ ನನ್ನನ್ನು ಮೇಜಿನ ಹತ್ತಿರ ಕರೆದುಕೊಂಡು ಹೋಗಿ ತಮ್ಮ ಕೆಲಸ ತೋರಿಸಿದವರು ಅವರೇ. ಬಿಳಿ ಟ್ಯೂಬ್‌ಲೈಟಿನ ಕೆಳಗೆ ಕ್ರೋಮ್ ಹಾಕಿದ ನಲ್ಲಿಯನ್ನು ತೋಳಿನುದ್ದ ದೂರದಲ್ಲಿ ಹಿಡಿದು, ನಿಧಾನವಾಗಿ ತಿರುಗಿಸುತ್ತ, ತುಟಿಯಲ್ಲೇ ಎಣಿಸಿದರು.

"ಇಂಗೆ ಇಡ್ಕಂಡು ಐದ್ ಎಣಿಸ್ಬೇಕು ಸಾರ್. ಐದ್ರೊಳಗೆ ಗೀರು ಕಣ್ಣಿಗೆ ಬಿತ್ತಾ, ಕೆಂಪು ಕ್ರೇಟು. ಬೀಳ್ನಿಲ್ವಾ, ಹಸ್ರು ಕ್ರೇಟು. ಅಷ್ಟೇಯ."

"ಆರನೇ ಎಣಿಕೆಗೆ ಕಂಡರೆ?"

"ಆರು ನೋಡಾಕೆ ನಮಗೆ ಪರ್ಮಿಸನ್ ಇಲ್ಲ ಸಾರ್."

ನನಗೆ ಮೈ ಜುಮ್ಮೆಂದಿತು. ಎಷ್ಟು ದೂರದಿಂದ, ಎಷ್ಟು ಹೊತ್ತು ನೋಡಿದರೆ ಒಂದು ವಸ್ತು ಚೆಂದ ಎನ್ನಬಹುದು ಎಂಬ ಪ್ರಶ್ನೆಯ ಮೇಲೆ ನಾನು ದಪ್ಪದೊಂದು ಪ್ರಬಂಧ ಬರೆದು ಡಾಕ್ಟರೇಟ್ ತೆಗೆದುಕೊಂಡಿದ್ದೇನೆ, ಉತ್ತರ ಮಾತ್ರ ಸಿಕ್ಕಿರಲಿಲ್ಲ. ಇಲ್ಲಿ ಅದನ್ನು ಲ್ಯಾಮಿನೇಟ್ ಮಾಡಿ ಗೋಡೆಗೆ ನೇತುಹಾಕಿದ್ದರು. ಪಕ್ಕದಲ್ಲೇ ಒಂದು ಹಲಗೆಗೆ ಐದಾರು ನಲ್ಲಿಗಳನ್ನು ಕಟ್ಟಿದ್ದರು. ಇಷ್ಟು ಕಲೆ ಇದ್ದರೆ ಪರವಾಗಿಲ್ಲ, ಇದಕ್ಕಿಂತ ಹೆಚ್ಚಾದರೆ ಆಗುವುದಿಲ್ಲ ಎಂದು ಕ್ವಾಲಿಟಿ ಮ್ಯಾನೇಜರ್ ಪ್ರತಿಯೊಂದಕ್ಕೂ ಚೀಟಿ ಕಟ್ಟಿ ಸಹಿ ಮಾಡಿದ್ದರು.

ನೀತಿಯ ಪಾಠ ಸರಾಗವಾಗಿ ಮುಗಿಯಿತು. ಗೆಳತಿ ತಡವಾಗಿ ಬಂದರೆ ಅವಳ ಹಾಜರಿಯನ್ನು ನೀವು ಹಾಕುವುದು ಸರಿಯೇ ಎಂದು ಕೇಳಿದೆ. ಏಳು ಜನರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕಿಸಕ್ಕೆಂದರು. ಹಿರಿಯಾಕೆ, "ಈಗ ಎಬ್ಬೆಟ್ಟಿನ ಮಿಸನ್ ಬಂದೈತೆ ಸಾರ್. ಹಾಕ್ತೀವಿ ಅಂದ್ರೂ ಆಗಾಕಿಲ್ಲ" ಎಂದರು. ಒಂದು ತಿಂಗಳಿಗೆಂದು ಸಿದ್ಧಮಾಡಿಕೊಂಡಿದ್ದ ಚರ್ಚೆ ಅಲ್ಲಿಗೆ ಮುಗಿದೇ ಹೋಯಿತು. ಹಾಗಾಗಿ ಸೌಂದರ್ಯಕ್ಕೆ ಬೇಗ ಬಂದೆವು, ಎಡವಟ್ಟಾಗಿದ್ದು ಅಲ್ಲೇ.

ಆ ಗುರುವಾರ ನಾನು ಒಳ್ಳೆಯ ಲಹರಿಯಲ್ಲಿದ್ದೆ. ಕ್ಯಾಂಟೀನಿನ ಬಿಸಿಬೇಳೆಬಾತ್ ಚೆನ್ನಾಗಿತ್ತು, ಅದೂ ಒಂದು ಕಾರಣ. ಯಾವ ಲಾಭವನ್ನೂ ಬಯಸದೆ, ಯಾವ ಅವಸರವೂ ಇಲ್ಲದೆ ನೋಡಿದಾಗ ಮಾತ್ರ ವಸ್ತು ತನ್ನನ್ನು ತಾನು ತೋರಿಸಿಕೊಳ್ಳುತ್ತದೆ ಎಂದೆ. ಎಣಿಸುವವನು ನೋಡುವುದಿಲ್ಲ, ಬರೀ ಎಣಿಸುತ್ತಾನೆ ಎಂದೆ. "ಅಮ್ಮಾ, ಒಂದೇ ಒಂದು ಸಲ ಎಣಿಸದೆ ನೋಡಿ. ನಲ್ಲಿಯನ್ನು ನಲ್ಲಿಯಾಗಿ ನೋಡಿ" ಎಂದು ಕೈಯೆತ್ತಿ ಹೇಳಿದೆ. ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುವ ಸದ್ದೂ ನಿಂತಂತಾಯಿತು. ನನ್ನ ನಾಲ್ಕು ಜನ ವಿದ್ಯಾರ್ಥಿಗಳಿಗೆ ಇದೇ ಮಾತನ್ನು ಪ್ರತಿ ವರ್ಷ ಹೇಳಿದ್ದೇನೆ, ಒಬ್ಬನೂ ಪಾಲಿಸಿದವನಲ್ಲ. ಮೇಷ್ಟ್ರ ಮಾತನ್ನು ಮಾಡಿ ನೋಡುವ ಜನ ಲೋಕದಲ್ಲಿದ್ದಾರೆ ಎಂದು ನನಗೆ ಹೇಗೆ ಗೊತ್ತಾಗಬೇಕು?

ಅವರು ನೋಡಿದರು. ಶುಕ್ರವಾರ ನೋಡಿದರು, ಶನಿವಾರ ನೋಡಿದರು, ಸೋಮವಾರ ಮಧ್ಯಾಹ್ನದ ತನಕ ನೋಡಿದರು. ಏಳು ಜನವೂ ಎಣಿಸದೆ, ಒಂದೊಂದು ನಲ್ಲಿಯನ್ನು ಕೂಸಿನ ಮುಖ ನೋಡುವಂತೆ ತಿರುಗಿಸಿ ತಿರುಗಿಸಿ ನೋಡಿದರು. ಹಾಗೆ ನೋಡಿದರೆ ಯಾವ ನಲ್ಲಿ ತಾನೆ ಪಾಸಾಗುತ್ತದೆ? ಕೆಂಪು ಕ್ರೇಟುಗಳು ತುಂಬಿ, ಸಾಲದೆ ಬಂದು, ಹಸಿರು ಕ್ರೇಟಿಗೆ ಕೆಂಪು ಟೇಪು ಸುತ್ತಿ ಇಟ್ಟರಂತೆ. ಬಾಗಿಲಲ್ಲಿ ಲಾರಿ ನಿಂತಿತ್ತು, ತುಂಬಲು ಮಾಲಿರಲಿಲ್ಲ.

ಸೋಮವಾರ ಸಂಜೆ ಎಚ್.ಆರ್. ಮೇಡಂ ಫೋನ್ ಮಾಡಿದರು. ಬುಧವಾರ ವಿಚಾರಣೆ ಇದೆ, ಹಿರಿಯಾಕೆಯೇ ಹೊಣೆ ಎಂದು ಬರೆದಿದ್ದೇವೆ, ನೀವು ತರಬೇತುದಾರರು, ಸುಮ್ಮನೆ ಬಂದು ಕೂತು ಸಹಿ ಹಾಕಿದರೆ ಸಾಕು ಎಂದರು. ಮಾತು ಮುಗಿಸುವ ಮುಂಚೆ, "ಪಾಪ ಸಾರ್, ಈ ಸಲ ಪರ್ಮನೆಂಟ್ ಲಿಸ್ಟ್‌ನಲ್ಲಿ ಅವ್ರ ಹೆಸರಿತ್ತು" ಎಂದೂ ಸೇರಿಸಿದರು.

ಆ ಲಿಸ್ಟಿನ ವಿಷಯ ನನಗೆ ಗೊತ್ತಿತ್ತು. ಪ್ರತಿ ವರ್ಷ ಆಯುಧಪೂಜೆಗೆ ಮುಂಚೆ ಕಾಂಟ್ರಾಕ್ಟಿನವರಲ್ಲಿ ಕೆಲವರನ್ನು ಖಾಯಂ ಮಾಡಿ ನೋಟೀಸ್ ಬೋರ್ಡಿಗೆ ಹಾಕುತ್ತಾರೆ. ಈಕೆ ಹನ್ನೊಂದು ವರ್ಷದಿಂದ ಕಾಂಟ್ರಾಕ್ಟು. ಮೂರು ತಿಂಗಳಿಗೊಮ್ಮೆ ಗೇಟ್ ಪಾಸ್ ಬದಲಾಯಿಸುತ್ತಾರೆ, ಪ್ರತಿ ಸಲ ಅದರ ಮೇಲೆ 'ಹೊಸಬರು' ಎಂದೇ ಬರೆಯುತ್ತಾರೆ. ಒಮ್ಮೆ ನನಗೆ ಅದನ್ನು ತೋರಿಸಿ, "ನೋಡಿ ಸಾರ್, ತಲೆ ಎಲ್ಲಾ ಬೆಳ್ಳಗಾತು, ಇನ್ನೂ ಒಸೊಬ್ಳೇಯ" ಎಂದು ನಕ್ಕಿದ್ದರು. ನಗುವಾಗ ಆ ಪಾಸನ್ನು ಹೆಬ್ಬೆರಳಿನಿಂದ ಉಜ್ಜುತ್ತಲೇ ಇದ್ದರು.

ಎರಡು ದಿನ ನನಗೆ ಊಟ ಸೇರಲಿಲ್ಲ. ನೀತಿಶಾಸ್ತ್ರ ಪಾಠ ಮಾಡುವವನಿಗೆ ನಿಜವಾದ ನೀತಿಯ ಪ್ರಸಂಗ ಎದುರಾಗುವುದು ಬಹಳ ಅಪರೂಪ. ಎದುರಾದಾಗ ಅದು ತುಂಬ ಚೆನ್ನಾಗಿಯೂ ಕಾಣುತ್ತದೆ. ಕರ್ತವ್ಯದ ದೃಷ್ಟಿಯಿಂದ ನೋಡಿದೆ, ಸತ್ಯ ಹೇಳಬೇಕು ಎಂದು ಬಂತು. ಪರಿಣಾಮದ ದೃಷ್ಟಿಯಿಂದ ನೋಡಿದೆ, ತಪ್ಪು ನನ್ನ ಮೇಲೆ ಬಂದರೆ ಆಕೆ ಉಳಿಯುತ್ತಾರೆ, ಆದ್ದರಿಂದ ಸತ್ಯ ಹೇಳಬೇಕು ಎಂದು ಬಂತು. ಸಜ್ಜನಿಕೆಯ ದೃಷ್ಟಿಯಿಂದ ಕೇಳುವುದೇ ಬೇಡ. ಮೂರೂ ಪಂಥಗಳು ಒಂದೇ ಉತ್ತರ ಕೊಟ್ಟಿದ್ದನ್ನು ನಾನು ಇದುವರೆಗೆ ಯಾವ ಪುಸ್ತಕದಲ್ಲೂ ಕಂಡಿರಲಿಲ್ಲ. ಬುಧವಾರ ಬೆಳಿಗ್ಗೆ ಒಳ್ಳೆಯ ಅಂಗಿ ಇಸ್ತ್ರಿ ಮಾಡಿಕೊಳ್ಳುತ್ತಿದ್ದಾಗ ನನ್ನ ಹೆಂಡತಿ, "ಯಾರಿಗ್ರೀ ಸನ್ಮಾನ?" ಎಂದು ಕೇಳಿದಳು.

ನಾನು ಒಳಗೆ ಹೋದಾಗ ಹಿರಿಯಾಕೆ ಆಗಲೇ ಕುರ್ಚಿಯ ತುದಿಯಲ್ಲಿ ಕೂತಿದ್ದರು. ಎದುರಿಗೆ ಎಚ್.ಆರ್. ಮೇಡಂ, ಪಕ್ಕದಲ್ಲಿ ಕ್ವಾಲಿಟಿ ಮ್ಯಾನೇಜರ್. ಮೂವರ ಮುಖವೂ ಸಮಾಧಾನವಾಗಿಯೇ ಇತ್ತು, ಟೀ ಕೂಡ ಬಂದಿತ್ತು. ನನಗೆ ಅದರ ಮೇಲೆ ಗಮನವೆಲ್ಲಿ? ನಿಂತುಕೊಂಡೇ ಶುರು ಮಾಡಿದೆ. "ಇದರಲ್ಲಿ ಇವರ ತಪ್ಪು ಒಂದು ಚೂರೂ ಇಲ್ಲ. ಎಣಿಸಬೇಡಿ ಎಂದು ಹೇಳಿದವನು ನಾನು. ನನ್ನ ಮಾತು ನಂಬಿ ಇವರು ಹಾಗೆ ನೋಡಿದ್ದಾರೆ. ಏನು ಶಿಕ್ಷೆ ಕೊಡಬೇಕೋ ನನಗೆ ಕೊಡಿ." ನನಗೇ ನನ್ನ ಬಗ್ಗೆ ಅಭಿಮಾನ ಉಕ್ಕಿ ಬಂತು.

"ನಿಮಗೆಂಥ ಶಿಕ್ಷೆ ಕೊಡೋಣ ಸಾರ್? ನೀವು ನಮ್ಮ ಕೆಲಸಗಾರರೇ ಅಲ್ವಲ್ಲ" ಎಂದರು ಕ್ವಾಲಿಟಿ ಮ್ಯಾನೇಜರ್.

ಎಚ್.ಆರ್. ಮೇಡಂ ನನ್ನನ್ನು ನೋಡಲೇ ಇಲ್ಲ. ಆಕೆಯ ಕಡೆಗೆ ತಿರುಗಿ, "ಏನಮ್ಮಾ ಇದು? ಟ್ಯೂಬ್‌ಲೈಟ್ ಬದಲಾಯಿಸಿದ ಮೇಲೆ ಕಣ್ಣಲ್ಲಿ ನೀರು ಬರ್ತಿದೆ, ಗೀರು ಜಾಸ್ತಿ ಕಾಣ್ತಿದೆ, ಕನ್ನಡಕ ಮಾಡಿಸ್ತಿದೀನಿ ಅಂತ ಈಗ ತಾನೆ ಹೇಳಿದ್ರಲ್ಲ? ಬರೆದೂ ಕೊಟ್ರಲ್ಲ? ಸರಿ, ಕಣ್ಣಿನ ವಿಷಯ ಅಂತ ಕ್ಲೋಸ್ ಮಾಡೋಣ ಅಂತಿದ್ವಿ" ಎಂದರು.

ಆಕೆ ಒಂದು ಸಲ ನನ್ನ ಕಡೆ ನೋಡಿದರು. ಆ ನೋಟವನ್ನು ನಾನು ಇನ್ನೂ ಮರೆತಿಲ್ಲ. ಅದರಲ್ಲಿ ಸಿಟ್ಟಿರಲಿಲ್ಲ, ಏನು ಮಾಡಿಬಿಟ್ಟಿರಿ ಎನ್ನುವ ಸುಸ್ತಿತ್ತು. ಮ್ಯಾನೇಜರ್ ಟೀ ಕಪ್ಪು ಪಕ್ಕಕ್ಕೆ ಸರಿಸಿ, ಬೇಕೆಂದೇ ಮಾಡಿದ್ದು, ಮೇಲಿಂದ ವಿಚಾರಣೆಯಲ್ಲಿ ಸುಳ್ಳು ಹೇಳಿಕೆ, ಈ ವರ್ಷ ಹೆಸರು ತಡೆಹಿಡಿಯಬೇಕಾಗುತ್ತದೆ ಎಂದರು. ನಾನು ಬಾಯಿ ತೆರೆದೆ. "ನೀವು ದಯವಿಟ್ಟು ಕೂತ್ಕೊಳಿ ಸಾರ್" ಎಂದರು ಮೇಡಂ. ಕೂತೆ.

ಸಂಜೆ ಪಾಳಿ ಬಿಟ್ಟಾಗ ಗೇಟಿನ ಹೊರಗೆ ಕಾದಿದ್ದೆ. ಆಕೆ ಬಂದರು. ಕ್ಷಮಿಸಿ ಎಂದು ಶುರು ಮಾಡಿದೆ, ಕೈ ಎತ್ತಿ ತಡೆದರು.

"ಕಣ್ಣಾಗೆ ನೀರು ಬರೋದೂ ದಿಟಾನೇ ಸಾರ್. ಲೈಟು ಬದ್ಲಾಯ್ಸಿದ್ದೂ ದಿಟಾನೇ. ನಾನೇನು ಸುಳ್ಳು ಏಳ್ನಿಲ್ಲ. ನಿಮ್ ಎಸ್ರು ಬರ್ದಂಗೆ ಏಳ್ದೆ, ಅಷ್ಟೇಯ. ನಿಮ್ಮನ್ನ ಕಾಲೇಜ್ನಾಗೆ ಏನಾದ್ರೂ ಅಂದ್ರೆ ಅಂತ."

ನನ್ನನ್ನು ಉಳಿಸಲು ಆಕೆ ಹೂಡಿದ ಉಪಾಯವನ್ನು ನಾನು ಇಸ್ತ್ರಿ ಅಂಗಿ ಹಾಕಿಕೊಂಡು ಹೋಗಿ ಒಡೆದಿದ್ದೆ. "ನನಗೆ ಗೊತ್ತಿರಲಿಲ್ಲ ಅಮ್ಮಾ, ಸತ್ಯ ಹೇಳಬೇಕು ಅನ್ನಿಸಿತು" ಎಂದೆ.

"ಏಳಿ, ಯಾರು ಬ್ಯಾಡ ಅಂದ್ರು? ನನ್ ನಂಬರ್ ನಿಮ್ತಾವ ಇತ್ತಲ್ಲ. ದಿನಾ ಬೆಳಿಗ್ಗೆ ಊವಿನ್ ಪೋಟೋ ಆಕಿ ಗುಡ್ ಮಾರ್ನಿಂಗ್ ಕಳಿಸ್ತಿದ್ನಲ್ಲ. ನೋಡಮ್ಮ, ನಾಳೆ ಇಂಗೆ ಏಳ್ತೀನಿ, ನಿಂಗೆ ಸರಿಯಾ ಅಂತ ಒಂದ್ ಮಾತು ಕೇಳಾಕೆ ಏನಾಗಿತ್ತು? ಕೆಲ್ಸ ನಂದು ಸಾರ್."

ಆ ಹೂವಿನ ಫೋಟೋಗಳಿಗೆ ಸೌಂದರ್ಯಶಾಸ್ತ್ರಜ್ಞನಾದ ನಾನು ಒಂದು ದಿನವೂ ಉತ್ತರ ಕೊಟ್ಟವನಲ್ಲ. ಎರಡು ದಿನ ಮೂರು ಪಂಥಗಳನ್ನೂ ಕೇಳಿದ್ದೆ, ಈಕೆಯನ್ನು ಮಾತ್ರ ಕೇಳಿರಲಿಲ್ಲ. ತುಮಕೂರು ರಸ್ತೆಯ ಆ ಲಾರಿ ಸದ್ದಿನ ನಡುವೆ ನಿಂತು ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸುವಷ್ಟು ನಾಚಿಕೆಯಾಯಿತು. "ಈಗ ಏನು ಮಾಡಲಿ, ನೀವೇ ಹೇಳಿ" ಎಂದೆ.

"ನಾನ್ ಏಳ್ದಂಗೆ ಒಂದು ಅರ್ಜಿ ಬರ್ಕೊಡಿ. ನಿಮ್ದೂ ಅಂತ ಒಂದ್ ಅಕ್ಸರ ಸೇರಿಸ್ಬಾರ್ದು."

ಬಸ್ ಸ್ಟಾಪಿನ ಪಕ್ಕದ ಬೇಕರಿಯಲ್ಲಿ ಕೂತೆವು. ಆಕೆ ಹೇಳಿದರು, ನಾನು ಬರೆದೆ. 'ನನ್ನ ಕಣ್ಣಲ್ಲಿ ನೀರು ಬರುತ್ತದೆ. ಮೇಷ್ಟ್ರು ಎಣಿಸದೆ ನೋಡಿ ಎಂದಿದ್ದೂ ನಿಜ. ಒಂದು ಸಲ ನೋಡಿ ಎಂದರು, ನಾನು ಮೂರು ದಿನ ನೋಡಿದೆ, ಅದು ನನ್ನ ತಪ್ಪು. ಆದರೆ ನಾನು ಕೆಂಪು ಕ್ರೇಟಿಗೆ ಹಾಕಿದ ಒಂದೊಂದು ನಲ್ಲಿಯಲ್ಲೂ ಗೀರಿದೆ. ಇಲ್ಲದ್ದನ್ನು ಇದೆ ಎಂದಿಲ್ಲ. ಯಾರು ಬೇಕಾದರೂ ಬಂದು ನೋಡಲಿ. ಇನ್ನು ಮೇಲೆ ಎಣಿಸಿಯೇ ನೋಡುತ್ತೇನೆ. ನನ್ನ ಹೆಸರು ಲಿಸ್ಟಿಗೆ ಹಾಕಬೇಕು.'

'ಹಾಕಬೇಕು' ಎನ್ನುವ ಬದಲು 'ಹಾಕುವ ಕೃಪೆ ಮಾಡಬೇಕಾಗಿ ವಿನಂತಿ' ಎಂದು ಬರೆಯೋಣವೇ ಎಂದೆ. "ಕೃಪೆ ಯಾತಕ್ಕೆ? ಹನ್ನೊಂದು ವರ್ಸ ಕೆಲ್ಸ ಮಾಡಿಲ್ವಾ?" ಎಂದರು. 'ಗೀರಿದೆ' ಎಂಬಲ್ಲಿ 'ಸಾಪೇಕ್ಷವಾಗಿ ಹೇಳುವುದಾದರೆ' ಎಂದು ನನ್ನ ಕೈ ತಾನಾಗಿಯೇ ಬರೆದಿತ್ತು. ಓದಿಸಿ ಕೇಳಿ, "ಅದೇನದು ಮದ್ಯದಾಗೆ? ಒಡೀರಿ ಅದ್ನ" ಎಂದರು. ಹೊಡೆದು, ಹೊಸ ಹಾಳೆಯಲ್ಲಿ ಮತ್ತೆ ಬರೆದುಕೊಟ್ಟೆ.

ಅರ್ಜಿ ಓದಿದ ಕ್ವಾಲಿಟಿ ಮ್ಯಾನೇಜರ್ ಸಿಡುಕಿನಿಂದಲೇ ಕೆಂಪು ಕ್ರೇಟಿನ ಹತ್ತಿರ ಹೋದರಂತೆ. ಒಂದು ನಲ್ಲಿ ಎತ್ತಿಕೊಂಡು ಕಿಟಕಿಯ ಬಳಿ ಹಿಡಿದರಂತೆ. ಗೀರಿತ್ತು. ಇನ್ನೊಂದು ಎತ್ತಿದರು, ಇತ್ತು. ಊಟದ ಗಂಟೆ ಹೊಡೆದರೂ ಅಲ್ಲೇ ನಿಂತು ನೋಡುತ್ತಿದ್ದರಂತೆ. ಎಲ್ಲವೂ ಒಂದೇ ಕಡೆ, ಒಂದೇ ಥರ, ಕೂದಲಿನಷ್ಟು ಸಣ್ಣ ಗೀರು. ಪಾಲಿಶ್ ಮಾಡುವ ಚಕ್ರ ಸವೆದುಹೋಗಿತ್ತು. ಅದು ಯಾವತ್ತೋ ಸವೆದದ್ದು. ಐದು ಎಣಿಸುವವರೆಗೆ ಕಾಣುತ್ತಿರಲಿಲ್ಲ. ಚಕ್ರ ಬದಲಾಯಿಸಿದರು. ಇದನ್ನೆಲ್ಲ ನನಗೆ ಹೇಳಿದ್ದು ಎಚ್.ಆರ್. ಮೇಡಂ, ಅದೂ ಸ್ವಲ್ಪ ಬಿಗುವಿನಲ್ಲೇ. ಆಯುಧಪೂಜೆಗೆ ಎರಡು ದಿನ ಮುಂಚೆ ಲಿಸ್ಟು ಅಂಟಿಸಿದರು. ಆಕೆಯ ಹೆಸರಿತ್ತು.

ಹಬ್ಬ ಕಳೆದ ಮೇಲೆ ಒಂದು ಬೆಳಿಗ್ಗೆ, ನಾನು ಕಾಲೇಜಿಗೆ ಹೊರಟಿದ್ದಾಗ ಆಕೆಯ ಫೋನ್ ಬಂತು. ಅಭಿನಂದನೆ ಹೇಳಿದೆ, ಹೊಸ ಪಾಸಿನಲ್ಲಿ ಏನು ಬರೆದಿದ್ದಾರೆ ಎಂದು ಕೇಳಿದೆ. ಅದಕ್ಕೆಲ್ಲ ಚುಟುಕಾಗಿ ಉತ್ತರ ಕೊಟ್ಟು, ಆಕೆ ವಿಷಯಕ್ಕೆ ಬಂದರು.

"ಸಾರ್, ಮೇಡಂ ಕೇಳವ್ರೆ. ನಿಮ್ ಕ್ಲಾಸು ಮುಂದ್ಕೂ ಬೇಕಾ ಬ್ಯಾಡ್ವಾ ಅಂತ. ಮದ್ಲು ಏನೂ ನಮ್ಮನ್ನ ಕೇಳ್ತಿರ್ನಿಲ್ಲ, ಪರ್ಮನೆಂಟ್ ಆದ್ ಮ್ಯಾಲೆ ಕೇಳ್ತಾವ್ರೆ. ನಾನು ಬ್ಯಾಡ ಅಂತ ಏಳಾಣ ಅಂತಿವ್ನಿ."

ನಾನು ರಸ್ತೆಯ ಪಕ್ಕಕ್ಕೆ ಸರಿದು ನಿಂತೆ. ಪಾಠ ಅಷ್ಟು ಕೆಟ್ಟದಾಗಿತ್ತಾ ಎಂದು ಕೇಳಿದೆ.

"ಅಯ್ಯೋ, ಬಿಡ್ತು ಅನ್ನಿ. ಬೋ ಚೆಂದಾಗಿತ್ತು. ಅದಕ್ಕೇ ಬ್ಯಾಡ. ಐದ್ ಎಣಿಸಿ ಇಡಾಕೆ ಓಗ್ತೀನಿ, ನಿಮ್ ಮಾತು ಗ್ಯಾಪ್ನಕ್ಕೆ ಬತ್ತದೆ, ಕೈ ಬಿಡಾಕಿಲ್ಲ ಸಾರ್. ನಾವು ಏಳ್ ಜನಾನೂ ಇಂಗೇ ಆಗೀವಿ. ಇನ್ನಷ್ಟು ಕಲಿತ್ರೆ ಕೆಲ್ಸ ಮಾಡಾಕಾಗಾಕಿಲ್ಲ." ಮತ್ತೆ, "ನಿಮಗೆ ಏಳ್ದೆ ಒಳಗೋಗಿ ಎಂಗೆ ಏಳೋದು ಅಂತ ಪೋನ್ ಮಾಡ್ದೆ. ಏಳ್ಲಾ ಸಾರ್?" ಎಂದರು.

ಹೇಳಬೇಡಿ ಎನ್ನಬೇಕೆನ್ನಿಸಿತು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ನನ್ನ ಮಾತು ಕೇಳಿ ನಿಜವಾಗಿ ಏನನ್ನಾದರೂ ನೋಡಿದವರು ಆ ಏಳು ಜನ ಮಾತ್ರ. ಗುರುವಾರ ಬರಲಿ ಎಂದು ನಾನು ವಾರವಿಡೀ ಕಾಯುತ್ತಿದ್ದೆ. ಆಕೆ ಆ ಕಡೆ ಸುಮ್ಮನೆ ಕಾಯುತ್ತಿದ್ದರು; ನಾನು ಒಪ್ಪದೆ ಒಳಗೆ ಹೋಗುವ ಹಾಗೆ ಕಾಣಲಿಲ್ಲ. ಕಣ್ಣು ತುಂಬಿ ಬಂತು.

"ಹೇಳಿ ಅಮ್ಮಾ" ಎಂದೆ.

"ಬೇಜಾರ್ ಮಾಡ್ಕಂಡ್ರಾ?"

"ಹೌದು" ಎಂದೆ.

"ಊಂ, ಆಗ್ತದೆ" ಎಂದು ಆಕೆ ಫೋನಿಟ್ಟು ಹೇಳಲು ಒಳಗೆ ಹೋದರು.